ಬಂಡೆಯ ಮೇಲೆ ಮರ, ಬಯಲಿನಲ್ಲಿ ಹುಲ್ಲು

ತಾಂಜಾನಿಯಾದಿಂದ ಮರಳಿ ತಿಂಗಳುಗಳು ಕಳೆದರೂ ಒಂದು ನೋಟ ನನ್ನನ್ನು ಬಿಟ್ಟಿಲ್ಲ. ಸೆರೆಂಗೆಟಿಯ ಆಗ್ನೇಯ ಬಯಲು. ಕಣ್ಣು ಹರಿಯುವಷ್ಟು ದೂರ ಗೇಣುದ್ದವೂ ಇಲ್ಲದ ಹಸಿರು ಹುಲ್ಲು; ಹುಡುಕಿದರೂ ಒಂದು ಗಿಡ ಸಿಗದು. ಆ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಕಗ್ಗಲ್ಲಿನ ಗುಡ್ಡೆ. ಗುಡ್ಡೆಯ ಬಿರುಕುಗಳಲ್ಲಿ ಮಾತ್ರ ಅತ್ತಿಯ ಜಾತಿಯ ದೊಡ್ಡ ದೊಡ್ಡ ಮರಗಳು. ಮಣ್ಣಿದ್ದ ಕಡೆ ಮರವಿಲ್ಲ, ಕಲ್ಲಿದ್ದ ಕಡೆ ಮರವಿದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಇದನ್ನು ಕಂಡು ಸುಮ್ಮನಿರುವುದು ಹೇಗೆ?

ನಾನು ನವಲಗುಂದದ ಎರೆ ಸೀಮೆಯವನು. ಹೆಂಡತಿ ತೀರ್ಥಹಳ್ಳಿ ಕಡೆಯವಳು. ಅವಳ ತಾಲೂಕಿನಲ್ಲೇ ಇರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ; ನಮ್ಮಲ್ಲಿ 600 ಬಿದ್ದರೆ ಒಳ್ಳೆಯ ವರ್ಷ. ಮಾವನ ಮನೆಯಿಂದ ನಮ್ಮೂರಿಗೆ ಬರುವಾಗ ಅಡಿಕೆ ತೋಟ, ದಟ್ಟ ಕಾಡು, ಎಲೆ ಉದುರುವ ಕಾಡು, ಕುರುಚಲು, ಕೊನೆಗೆ ದಿಗಂತದವರೆಗೆ ಮರವೇ ಕಾಣದ ಕರಿನೆಲ, ಎಲ್ಲವೂ ಒಂದೇ ಹಗಲಿನಲ್ಲಿ ಕಿಟಕಿಯಾಚೆ ಸರಿದುಹೋಗುತ್ತವೆ. ಮಳೆ ಹೆಚ್ಚಿದ್ದಲ್ಲಿ ಕಾಡು, ಕಡಿಮೆಯಾದಲ್ಲಿ ಹುಲ್ಲು, ಇಲ್ಲವೇ ಇಲ್ಲದಲ್ಲಿ ಮರಳುಗಾಡು ಎಂದು ಶಾಲೆಯ ಭೂಗೋಳ ಪುಸ್ತಕ ಕಲಿಸಿದ ಲೆಕ್ಕಕ್ಕೆ ಈ ದಾರಿ ಚೆನ್ನಾಗಿ ಒಪ್ಪುತ್ತದೆ. ಆ ಲೆಕ್ಕದ ಉಳಿದರ್ಧ ಏನೆಂದು ಗೊತ್ತಾಗಲು ಕಡಲಾಚೆ ಹೋಗಬೇಕಾಯಿತು.

ನಮ್ಮನ್ನು ಸುತ್ತಾಡಿಸಿದ ಚಾಲಕ ಕಿಲಿಮಂಜಾರೋದ ತಪ್ಪಲಿನ ಚಗ್ಗಾ ಜನಾಂಗದವರು. ಬಯಲಿಗೆ ಹೊರಡುವ ಮುಂಚೆ ತಮ್ಮ ಮನೆಗೇ ಕರೆದುಕೊಂಡು ಹೋದರು. ಎತ್ತರದ ಮರಗಳ ನೆರಳಿನಲ್ಲಿ ಬಾಳೆ, ಬಾಳೆಯ ನೆರಳಿನಲ್ಲಿ ಕಾಫಿ, ಕಾಫಿಯ ಬುಡದಲ್ಲಿ ಗೆಡ್ಡೆ ಗೆಣಸು. ಹಿರಿಯರು ತೋಡಿದ ಕಾಲುವೆಯಲ್ಲಿ ಬೆಟ್ಟದ ನೀರು ಮನೆಯಿಂದ ಮನೆಗೆ ಹರಿಯುತ್ತಿತ್ತು. ಹೆಂಡತಿ ತೋಟದೊಳಗೆ ನಾಲ್ಕು ಹೆಜ್ಜೆ ಇಟ್ಟವಳೇ, "ಮೆಣಸಿನ ಬಳ್ಳಿ ಒಂದು ಇದ್ದಿದ್ರೆ ನಮ್ಮನೆ ತೋಟನೇ ಕಣ್ರೀ ಇದು" ಎಂದಳು. ದನಗಳು ಕೊಟ್ಟಿಗೆಯಲ್ಲೇ ಇದ್ದವು. ಹುಲ್ಲನ್ನು ಹೆಂಗಸರು ಕೆಳಗಿನಿಂದ ಹೊತ್ತು ತರುತ್ತಾರೆ. ಮೇಲೆ ಅದಕ್ಕೆ ಬಿಟ್ಟುಕೊಡುವಷ್ಟು ಜಾಗವಿಲ್ಲ. ಮನೆಯೊಡತಿ ಬಾಳೆಕಾಯಿ ಮತ್ತು ಮಾಂಸ ಬೇಯಿಸಿ ಮಸೆದ ಮ್ಟೋರಿ ಎಂಬ ಗಟ್ಟಿ ಸಾರು ಬಡಿಸಿದರು. ಬಾಣಂತಿಯರಿಗೂ ಇದನ್ನೇ ಕೊಡುತ್ತಾರಂತೆ. ಮಾಂಸ ತಿನ್ನದ ನನ್ನವಳಿಗಾಗಿ ಬಾಳೆಕಾಯಿಯನ್ನೇ ಬೇರೆ ಬೇಯಿಸಿ, ಮೇಲೆ ಹರಿವೆ ಸೊಪ್ಪಿನ ಪಲ್ಯ ಹಾಕಿಕೊಟ್ಟರು. ತಟ್ಟೆಯಲ್ಲಿ ಜೋಳವಾಗಲಿ ಹಾಲಾಗಲಿ ಮುಖ್ಯವಾಗಿರಲಿಲ್ಲ. ಇಲ್ಲಿ ಬಾಳೆಯೇ ಅನ್ನ.

ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಕೆಳಗಿಳಿದು ಪಶ್ಚಿಮಕ್ಕೆ ಹೊರಟ ಹಾಗೆ ತಟ್ಟೆ ಬದಲಾಯಿತು. ಒಣಗಿದ ಬಯಲಿನ ರಸ್ತೆಬದಿಯ ಹೋಟೆಲುಗಳಲ್ಲಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ. ಬಿಳಿ ಬಣ್ಣವೊಂದನ್ನು ಬಿಟ್ಟರೆ ಹಳೇ ಮೈಸೂರಿನವರ ಮುದ್ದೆಯೇ; ಬೆರಳಲ್ಲಿ ಮುರಿದು, ಅಂಗೈಯಲ್ಲಿ ಉರುಟಿ, ಕುಳಿ ಮಾಡಿ, ಹುರುಳಿಕಾಯಿ ಬೀಜದ ಸಾರಿನಲ್ಲಿ ಅದ್ದಿ ತಿನ್ನುವುದು. ಇನ್ನೂ ಮುಂದೆ ಮಾಸಾಯಿಗಳ ಹಟ್ಟಿಯಲ್ಲಿ ಕೊಟ್ಟಿದ್ದು ಹಾಲು ಬೆರೆಸಿದ ಚಹಾ. ಅದರಲ್ಲಿ ನೀರಿಗಿಂತ ಹಾಲೇ ಹೆಚ್ಚು. ಬಾಳೆ, ಜೋಳ, ಹಾಲು: ಒಂದೇ ದೇಶದ ಒಂದೇ ರಸ್ತೆಯ ಮೂರು ಊಟ. ನಮ್ಮಲ್ಲೂ ಮಲೆನಾಡಿನ ಕಡುಬು, ಕೆಂಪು ಮಣ್ಣಿನ ರಾಗಿ ಮುದ್ದೆ, ಎರೆ ಹೊಲದ ಜೋಳದ ರೊಟ್ಟಿ ಹೀಗೆಯೇ ಸಾಲಾಗಿ ಕೂತಿವೆ.

ಗೊರೊಂಗೊರೊ ಒಂದು ಕುಸಿದ ಜ್ವಾಲಾಮುಖಿ. ಸುಮಾರು 19 ಕಿ.ಮೀ. ಅಗಲ, 600 ಮೀಟರ್ ಆಳದ ಬೋಗುಣಿ. ನಾವು ಪೂರ್ವದ ಕಡೆಯಿಂದ ಅದರ ಅಂಚಿಗೆ ಹತ್ತಿದೆವು. ಕರಾಟು ಪಟ್ಟಣದ ಸುತ್ತ ಕೆಂಪು ಮಣ್ಣಿನ ಕಾಫಿ ತೋಟ, ಗೋಧಿ ಹೊಲ. ಸಂರಕ್ಷಿತ ಪ್ರದೇಶದ ದ್ವಾರ ದಾಟಿದ ಕೂಡಲೇ ಕಾಡು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಾಡಹಗಲೇ ದೀಪ ಹಾಕಿಕೊಂಡು ಹೋಗಬೇಕಾಯಿತು. ಮರದ ಮೈ ತುಂಬ ಪಾಚಿ, ಕೊಂಬೆಗಳಿಂದ ಜೋಲುವ ಕಲ್ಲುಹೂವು, ಅಡಿಗಡಿಗೆ ಜರಿಗಿಡ. ಹೆಂಡತಿ ಗಾಜು ಇಳಿಸಿ ಮೂಗು ಹೊರಗೆ ಚಾಚಿ ಕೂತಿದ್ದಳು. ಆ ವಾಸನೆಯನ್ನು ಅವಳಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ.

ಅಂಚು ಬಳಸಿ ಆಚೆ ಇಳಿಯತೊಡಗಿದ್ದೇ ತಡ, ಕಾಡು ಮುಗಿಯಿತು. ನಿಧಾನವಾಗಿ ಅಲ್ಲ, ಕೆಲವೇ ತಿರುವುಗಳಲ್ಲಿ. ಎದುರಿಗೆ ಬೋಳು ಇಳಿಜಾರು, ಬಿಸಿಲು, ಕೆಳಗೆ ಮುಳ್ಳು ಜಾಲಿ, ಅದರಾಚೆ ಹುಲ್ಲು. ಹಿಂದೂ ಮಹಾಸಾಗರದಿಂದ ಬರುವ ಗಾಳಿ ತನ್ನ ನೀರನ್ನು ಪೂರ್ವದ ಮುಖಕ್ಕೆ ಸುರಿದು ಪಶ್ಚಿಮಕ್ಕೆ ಬರಿಗೈಯಲ್ಲಿ ಇಳಿಯುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ: ಪಶ್ಚಿಮ ಒದ್ದೆ, ಪೂರ್ವ ಒಣ. ನಡುವಿನ ಕಡಲು ಮಾತ್ರ ಒಂದೇ. ಅಷ್ಟೇ ಅಲ್ಲ, ಜೂನ್ ಬಂದಾಗ ದಕ್ಷಿಣ ಗೋಳಾರ್ಧದಿಂದ ಹೊರಟ ಗಾಳಿ ಪೂರ್ವ ಆಫ್ರಿಕಾದ ಎತ್ತರದ ನೆಲಕ್ಕೆ ಒತ್ತಿಕೊಂಡು ಉತ್ತರಕ್ಕೆ ಹರಿದು, ಸೊಮಾಲಿಯಾದ ಬಳಿ ಬಲಕ್ಕೆ ಹೊರಳಿ, ಅರಬ್ಬಿ ಸಮುದ್ರ ದಾಟಿ ನಮ್ಮ ಘಟ್ಟಗಳಿಗೆ ಬಂದು ಬಡಿಯುತ್ತದೆ. ಹವಾಮಾನ ವಿಜ್ಞಾನಿ ಫಿಂಡ್ಲೇಟರ್ 1969ರಲ್ಲಿ ಈ ಗಾಳಿಯ ಹಾದಿಯನ್ನು ಗುರುತಿಸಿ ಬರೆದರು. ಅದಕ್ಕೆ ಅವರದೇ ಹೆಸರು ಉಳಿದಿದೆ. ಅಲ್ಲಿಯ ಬೆಟ್ಟಗಳು ಗೋಡೆಯಾಗಿ ನಿಲ್ಲದಿದ್ದರೆ ಆಗುಂಬೆಯ ಮಳೆ ಈಗಿನ ಹಾಗೆ ಇರುತ್ತಿರಲಿಲ್ಲ. ಇದನ್ನು ಹೇಳಿದಾಗ ಹೆಂಡತಿ ಹಿಂತಿರುಗಿ ಆ ಮಂಜಿನ ಸಾಲನ್ನು ಬಹಳ ಹೊತ್ತು ನೋಡಿದಳು.

ಇಷ್ಟರವರೆಗೆ ಎಲ್ಲವೂ ಮಳೆಯ ಕಥೆಯೇ. ಇಳಿಜಾರಿನ ಬುಡದಲ್ಲಿ ಮಣ್ಣಿನ ಕಥೆ ಶುರುವಾಯಿತು.

ಅಲ್ಲಿ ಸಿಕ್ಕ ಮಾಸಾಯಿ ಹಿರಿಯರು ಕೋಲಿಗೆ ಒರಗಿ ನಿಂತು ದನ ಕಾಯುತ್ತಿದ್ದರು. ನಮ್ಮ ಚಾಲಕ ಸ್ವಾಹಿಲಿಯಲ್ಲಿ ಮಾತಿಗೆಳೆದರು. ಅದು ಫೆಬ್ರವರಿ, ಕೆಳಗಿನ ಬಯಲಿನಲ್ಲಿ ಹುಲ್ಲು ಎಳಸಾಗಿತ್ತು. ದನಗಳನ್ನು ಅಲ್ಲಿಗೆ ಬಿಡದೆ ಈ ಒರಟು ಹುಲ್ಲಿನಲ್ಲಿ ಏಕೆ ಮೇಯಿಸುತ್ತಿದ್ದೀರಿ ಎಂದು ಕೇಳಿಸಿದೆ. ಅವರು ಕೋಲನ್ನು ಬಯಲಿನ ಕಡೆ ಚಾಚಿದರು. ಅಲ್ಲಿ ವೈಲ್ಡ್‌ಬೀಸ್ಟ್ ಕರು ಹಾಕುತ್ತಿವೆ, ಆ ಕರುಗಳು ಮುಟ್ಟಿದ ಹುಲ್ಲು ತಿಂದರೆ ನಮ್ಮ ದನ ಉಳಿಯುವುದಿಲ್ಲ, ಅವು ಹೋದ ಮೇಲೆ ನಾವು ಇಳಿಯುತ್ತೇವೆ ಎಂದರು. ವೈಲ್ಡ್‌ಬೀಸ್ಟ್ ಕರುಗಳು ಹೊತ್ತಿರುವ ಒಂದು ವೈರಸ್ ದನಗಳಿಗೆ ಮಾರಕ ಜ್ವರ ತರುತ್ತದೆ ಎಂಬುದನ್ನು ಪಶುವೈದ್ಯರು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ. ಅದಕ್ಕೂ ಬಹಳ ಮುಂಚೆ ಈ ಜನ ತಮ್ಮ ಮೇವಿನ ಪಂಚಾಂಗವನ್ನು ಆ ರೋಗಕ್ಕೆ ತಕ್ಕಂತೆ ಬರೆದುಕೊಂಡಿದ್ದರು. ಆ ಬಯಲಿನ ಹುಲ್ಲೇಕೆ ಅಷ್ಟು ಒಳ್ಳೆಯದು ಎಂದು ಮತ್ತೆ ಕೇಳಿದೆ. "ಬೆಟ್ಟ ಕೊಟ್ಟ ಉಪ್ಪು" ಎಂದರು.

ಆ ಬೆಟ್ಟದ ಹೆಸರು ಓಲ್ ಡೊಯಿನ್ಯೋ ಲೆಂಗಾಯ್. ಮಾಸಾಯಿಗಳಿಗೆ ಅದು ದೇವರಿರುವ ಬೆಟ್ಟ. ಮೋಡ ಸರಿದ ಹೊತ್ತಿನಲ್ಲಿ ದೂರದಲ್ಲಿ ಅದರ ಚೂಪು ತುದಿ ಕಂಡಿತು. ಜಗತ್ತಿನ ಉಳಿದ ಜ್ವಾಲಾಮುಖಿಗಳು ಕಾರುವ ಲಾವಾ ಸಾವಿರ ಡಿಗ್ರಿಯ ಆಸುಪಾಸಿನ ಕೆಂಪು ಕಲ್ಲುರಸ. ಇದು ಕಾರುವುದು ಅದರ ಅರ್ಧದಷ್ಟು ಮಾತ್ರ ಬಿಸಿಯಿರುವ, ಸೋಡಾ ಮತ್ತು ಸುಣ್ಣದ ಅಂಶ ತುಂಬಿದ ಕಪ್ಪು ರಸ. ಗಾಳಿಯ ತೇವ ತಾಗಿದರೆ ಬೆಳ್ಳಗಾಗುತ್ತದೆ. ಈಗ ಬದುಕಿರುವ ಜ್ವಾಲಾಮುಖಿಗಳಲ್ಲಿ ಇಂಥದ್ದು ಇದೊಂದೇ. ಇದೂ ಇದರ ಪಕ್ಕದ ಆರಿಹೋದ ಕೆರಿಮಾಸಿಯೂ ಸಾವಿರಾರು ವರ್ಷ ಉಗುಳಿದ ಬೂದಿಯನ್ನು ಪೂರ್ವದ ಗಾಳಿ ಪಶ್ಚಿಮಕ್ಕೆ ಹೊತ್ತು ಬಯಲಿಗೆ ಹಾಸಿತು. ಆ ಕೆಲಸ ಈಗಲೂ ನಿಂತಿಲ್ಲ. ಓಲ್ಡುವಾಯಿ ಕಂದರದ ಹತ್ತಿರ ಬಾಲಚಂದ್ರಾಕಾರದ ಕಪ್ಪು ಬೂದಿಮರಳಿನ ದಿಬ್ಬವೊಂದಿದೆ. ಗಾಳಿ ಅದನ್ನು ವರ್ಷಕ್ಕೆ ಸುಮಾರು 17 ಮೀಟರ್ ಪಶ್ಚಿಮಕ್ಕೆ ತಳ್ಳುತ್ತದೆ. ಯಾವ ವರ್ಷ ಎಲ್ಲಿತ್ತೆಂದು ಗುರುತುಗಲ್ಲು ನೆಟ್ಟಿದ್ದಾರೆ. ದಿಬ್ಬದ ಮೇಲೆ ನಿಂತರೆ ಕಣಕಾಲಿಗೆ ಮರಳು ಚುಚ್ಚುತ್ತದೆ.

ಇಂಥ ಬೂದಿಯ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿಯೇ ದಕ್ಷಿಣಕ್ಕೆ ಇರುವ ಲಾಯೆಟೋಲಿ ಸಾಕ್ಷಿ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಹೊಸ ಬೂದಿ ಬಿದ್ದು, ಅದರ ಮೇಲೆ ಹನಿ ಮಳೆಯಾಗಿ, ಆ ಹಸಿ ನೆಲದ ಮೇಲೆ ಎರಡು ಕಾಲಿನ ನಮ್ಮ ಪೂರ್ವಜರು ನಡೆದುಹೋದರು. ನೆಲ ಗಟ್ಟಿಯಾಯಿತು, ಹೆಜ್ಜೆ ಉಳಿಯಿತು. ಮೇರಿ ಲೀಕಿಯವರ ತಂಡಕ್ಕೆ 1978ರಲ್ಲಿ ಅದು ಸಿಕ್ಕಿತು. ಬಯಲಿನಲ್ಲೂ ನಡೆದದ್ದು ಹೆಚ್ಚೂಕಡಿಮೆ ಇದೇ ರಸಾಯನ. ಮಳೆನೀರು ಬೂದಿಯ ಸುಣ್ಣವನ್ನು ಕರಗಿಸಿ ಕೆಳಗೆ ಒಯ್ಯುತ್ತದೆ. ಆದರೆ ಮಳೆ ಕಡಿಮೆ, ಬಿಸಿಲು ಹೆಚ್ಚು. ನೀರು ಆಳಕ್ಕೆ ಹೋಗುವ ಮುನ್ನವೇ ಆರುತ್ತದೆ, ಸುಣ್ಣ ಅಲ್ಲೇ ಕೂರುತ್ತದೆ. ಶತಮಾನಗಟ್ಟಲೆ ಹೀಗೆ ಕೂತೂ ಕೂತೂ ಮೊಣಕಾಲು ಆಳದ ಆಸುಪಾಸಿನಲ್ಲಿ ಕಾಂಕ್ರೀಟಿನಷ್ಟು ಗಟ್ಟಿಯಾದ ಪದರ ಕಟ್ಟಿದೆ. ರಸ್ತೆಗೆ ಮಣ್ಣು ತೆಗೆದ ಒಂದು ಗುಂಡಿಯ ಬದಿಯಲ್ಲಿ ನಾನದನ್ನು ನೋಡಿದೆ. ಮೇಲೆ ಬೂದು ಮಣ್ಣು, ಅದರ ತುಂಬ ಕೂದಲೆಳೆಯ ಬೇರು, ಕೆಳಗೆ ಬಿಳಿ ಗಾರೆ. ಬೇರುಗಳೆಲ್ಲ ಗಾರೆಯ ಮೇಲೆ ಬಂದು ಅಡ್ಡಡ್ಡ ಹರಡಿದ್ದವು. ಅದನ್ನು ಸೀಳಿ ಇಳಿದ ಒಂದು ಬೇರೂ ಇರಲಿಲ್ಲ.

ಹುಲ್ಲಿಗೆ ಅಷ್ಟು ಮಣ್ಣು ಸಾಕು. ಮಳೆ ಬಂದಾಗ ಚಿಗುರಿ, ನಿಂತಾಗ ಒಣಗಿ, ಬೇರಿನಲ್ಲಿ ಜೀವ ಹಿಡಿದು ಕಾಯುತ್ತದೆ. ಮರಕ್ಕೆ ಮಳೆಯಿಲ್ಲದ ತಿಂಗಳುಗಳನ್ನು ದಾಟಲು ಆಳದ ನೀರು ಬೇಕು. ಆಳದ ದಾರಿಯೇ ಮುಚ್ಚಿದೆ. ಕಲ್ಲುಗುಡ್ಡೆಯಲ್ಲಿ ಹಾಗಲ್ಲ. ಬಂಡೆಯ ಮೇಲೆ ಬಿದ್ದ ನೀರೆಲ್ಲ ಬಿರುಕಿಗೆ ಇಳಿಯುತ್ತದೆ, ಬೇರೂ ಅದರ ಜೊತೆ ಇಳಿಯುತ್ತದೆ. ಹಂಪಿಯ, ಚಿತ್ರದುರ್ಗದ ಬಂಡೆಗಳ ಸಂದಿಯಲ್ಲಿ ನಿಂತ ಆಲ, ಅತ್ತಿ, ಗೋಣಿ ಮರಗಳನ್ನು ನೋಡಿದವರಿಗೆ ಇದು ಹೊಸದಲ್ಲ. 1965ರಲ್ಲಿ ಆಂಡರ್ಸನ್ ಮತ್ತು ಟಾಲ್ಬಟ್ ಎಂಬ ವಿಜ್ಞಾನಿಗಳು ಸೆರೆಂಗೆಟಿ ಬಯಲಿನ ಹುಲ್ಲಿನ ಬಗೆಗಳನ್ನೂ ಅವುಗಳ ಕೆಳಗಿನ ಮಣ್ಣನ್ನೂ ಒಟ್ಟಿಗೆ ಇಟ್ಟು ಅಭ್ಯಾಸ ಮಾಡಿ ಬರೆದರು. ಗುಂಡಿಯ ಬದಿಯಲ್ಲಿ ಕೂತಾಗ ಆ ಬರಹ ಅಂಗೈಯಷ್ಟು ಸ್ಪಷ್ಟವಾಗಿ ಅರ್ಥವಾಯಿತು.

ಮರವನ್ನು ತಡೆದ ಆ ಬೂದಿಯೇ ಹುಲ್ಲಿಗೆ ಸುಣ್ಣ, ರಂಜಕ, ಸೋಡಿಯಂ ತುಂಬಿಸಿದೆ. ಹಾಲೂಡಿಸುವ ತಾಯಿಗೆ ಬೇಕಾದದ್ದು ಅದೇ. ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್‌ಗಳು ವರ್ಷದ ಉಳಿದ ಕಾಲವೆಲ್ಲ ಉತ್ತರದಲ್ಲಿ, ಪಶ್ಚಿಮದಲ್ಲಿ ಅಲೆದು ಕರು ಹಾಕಲು ಇಲ್ಲಿಗೇ ಬರುತ್ತವೆ. ಬಹುಪಾಲು ಕರುಗಳು ಎರಡು ಮೂರು ವಾರಗಳ ಅಂತರದಲ್ಲಿ ಹುಟ್ಟುತ್ತವೆ. ನಮ್ಮೆದುರಿಗೇ ಒಂದು ಕರು ನೆಲಕ್ಕೆ ಬಿದ್ದು, ಮುಗ್ಗರಿಸಿ, ಮತ್ತೆ ಎದ್ದು, ಕೆಲವೇ ನಿಮಿಷಗಳಲ್ಲಿ ತಾಯಿಯ ಹಿಂದೆ ಓಡಿತು. ಮರವಿಲ್ಲದ ಬಯಲಾದ್ದರಿಂದ ಸಿಂಹ ಎಲ್ಲಿದ್ದರೂ ತಾಯಿಗೆ ಕಾಣುತ್ತದೆ. ಬೋಳು ಎಂದು ನಾವು ಕರೆಯುವ ಆ ನೆಲ ಹೆರಿಗೆಗೆ ಅಷ್ಟು ತಕ್ಕ ಜಾಗ. ನನಗೆ ಅಲ್ಲಿ ಗಂಟಲುಬ್ಬಿ ಬಂತು.

ಪಶ್ಚಿಮಕ್ಕೆ ಹೋದಂತೆ ಎರಡು ಸಂಗತಿ ಒಟ್ಟಿಗೆ ಬದಲಾದವು. ಬೆಟ್ಟದಿಂದ ದೂರವಾದಷ್ಟೂ ಬೂದಿ ತೆಳುವಾಯಿತು, ಮಳೆ ಹೆಚ್ಚಾಯಿತು. ಸುಣ್ಣದ ಪದರ ಆಳಕ್ಕೆ ಇಳಿದು ಕೊನೆಗೆ ಇಲ್ಲವಾಯಿತು. ಗೇಣು ಹುಲ್ಲು ಮೊಳವಾಯಿತು, ಮೊಳದ್ದು ಸೊಂಟ ಮುಟ್ಟಿತು, ಸೆರೊನೇರಾದ ಹತ್ತಿರ ಕೊಡೆ ಬಿಚ್ಚಿದ ಜಾಲಿಮರಗಳು ಕಾಣಿಸಿಕೊಂಡವು. ಅಲ್ಲೂ ದಿಬ್ಬದ ಮೇಲೊಂದು ಬಗೆಯ ಗಿಡ, ಇಳಿಜಾರಿನಲ್ಲೊಂದು, ತಗ್ಗಿನಲ್ಲಿ ಇನ್ನೊಂದು. ಮಳೆ ತೊಳೆದ ನುಣುಪು ಮಣ್ಣೆಲ್ಲ ತಗ್ಗಿನಲ್ಲಿ ಸೇರಿ ಕರಿಯ ಜಿಗುಟು ನೆಲವಾಗಿತ್ತು. ದಿಬ್ಬದಿಂದ ತಗ್ಗಿನವರೆಗೆ ಮಣ್ಣುಗಳು ಸರಪಳಿಯ ಹಾಗೆ ಕೊಂಡಿ ಹಾಕಿಕೊಂಡಿರುತ್ತವೆ ಎಂದು ಮೊದಲು ತೋರಿಸಿದವರು ಜೆಫ್ರಿ ಮಿಲ್ನ್. ಇದೇ ದೇಶದ ಅಮಾನಿಯಲ್ಲಿ 1930ರ ದಶಕದಲ್ಲಿ ಕೆಲಸ ಮಾಡಿದವರು. ಗಾಡಿ ನಿಲ್ಲಿಸಿದಾಗ ಆ ಕರಿಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದೆ. ನಮ್ಮ ಹೊಲದ್ದೇ. ಮಳೆಗೆ ಉಬ್ಬುವುದು, ಬಿಸಿಲಿಗೆ ಬಿರಿಯುವುದು, ಬಿರಿದಾಗ ಎಳೆಯ ಬೇರುಗಳನ್ನು ಹರಿದು ಹಾಕುವುದು. ಅದರ ಮೇಲೆ ಬೆರಳುದ್ದದ ಮುಳ್ಳಿನ ಕುಳ್ಳ ಜಾಲಿ ಮಾತ್ರ ನಿಂತಿತ್ತು.

ರಷ್ಯಾದ ಡೊಕುಚಾಯೆವ್ 1883ರಲ್ಲಿ ಅಲ್ಲಿಯ ಕರಿಮಣ್ಣಿನ ಬಗ್ಗೆ ಬರೆದ ಪುಸ್ತಕ ಮಣ್ಣನ್ನು ನೋಡುವ ಕಣ್ಣನ್ನೇ ಬದಲಿಸಿತು. ಮಣ್ಣು ಪುಡಿಯಾದ ಕಲ್ಲು ಮಾತ್ರವಲ್ಲ. ಹವೆ, ತಾಯಿಕಲ್ಲು, ಜೀವಿಗಳು, ನೆಲದ ಏರಿಳಿತ, ಕಾಲ ಇವೆಲ್ಲ ಸೇರಿ ಅದನ್ನು ಹುಟ್ಟಿಸುತ್ತವೆ ಎಂದರು ಅವರು. ರಷ್ಯಾದ ಹುಲ್ಲುಗಾವಲಿನಲ್ಲಿ ಹುಲ್ಲಿನ ಬೇರುಗಳು ಕೊಳೆತು ಮಣ್ಣನ್ನು ಕಪ್ಪಾಗಿಸಿವೆ, ಅದರ ಉತ್ತರದ ಸೂಚಿಪರ್ಣ ಕಾಡಿನಲ್ಲಿ ಹುಳಿ ನೀರು ಮಣ್ಣನ್ನು ತೊಳೆದು ಬೂದಿ ಬಣ್ಣಕ್ಕೆ ತಂದಿದೆ. ಆಗುಂಬೆಯಲ್ಲಿ ಅಷ್ಟು ಮಳೆ ಸುಣ್ಣವನ್ನೂ ಪೊಟ್ಯಾಷನ್ನೂ ತೊಳೆದೊಯ್ದು ಕಬ್ಬಿಣದ ಕೆಂಪನ್ನು ಉಳಿಸಿದೆ. ಆ ಕಾಡಿನ ಸಿರಿ ಮಣ್ಣಿನಲ್ಲಿ ಇಲ್ಲ, ಮರಗಳಲ್ಲೇ ಇದೆ. ಉದುರಿದ ಎಲೆ ಕೊಳೆತು ಬಿಟ್ಟ ಸಾರವನ್ನು ಬೇರುಗಳು ಕೂಡಲೇ ಹೀರಿಕೊಳ್ಳುತ್ತವೆ. ಕಡಿದರೆ ಸಿರಿಯೂ ಹೋಯಿತು. ಸೊಪ್ಪಿನ ಬೆಟ್ಟದಿಂದ ಹೊರೆಗಟ್ಟಲೆ ಸೊಪ್ಪು ತಂದು ಅಡಿಕೆ ಮರದ ಬುಡಕ್ಕೆ ಹಾಕುವ ನನ್ನ ಮಾವನವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹಾಗೆಂದು ಮಳೆ, ಮಣ್ಣು ಎರಡಕ್ಕೇ ಎಲ್ಲವನ್ನೂ ಒಪ್ಪಿಸಲಾಗದು. ಈಗ ಬೆಂಗಳೂರಿನ ಎನ್‌ಸಿಬಿಎಸ್‌ ಸಂಶೋಧನಾ ಸಂಸ್ಥೆಯಲ್ಲಿರುವ ಮಹೇಶ್ ಶಂಕರನ್ ಮತ್ತು ಸಂಗಡಿಗರು ಆಫ್ರಿಕಾದ 854 ಕಡೆಗಳ ಲೆಕ್ಕ ಕೂಡಿಸಿ 2005ರಲ್ಲಿ ಒಂದು ಗೆರೆ ತೋರಿಸಿದರು. ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆಯಾದಲ್ಲಿ ಮರಗಳು ಎಷ್ಟು ದಟ್ಟವಾಗಬಹುದೆಂಬ ಮಿತಿಯನ್ನು ಮಳೆ ಹಾಕುತ್ತದೆ. ಅದನ್ನು ದಾಟಿದಲ್ಲಿ ಹುಲ್ಲು ಉಳಿಯಬೇಕಾದರೆ ಬೆಂಕಿಯೋ ಮೇಯುವ ಪ್ರಾಣಿಯೋ ಬೇಕು. ಸೆರೆಂಗೆಟಿಯಲ್ಲೇ ಇದರ ದೊಡ್ಡ ಉದಾಹರಣೆ ನಡೆದಿದೆ. 1890ರ ದಶಕದಲ್ಲಿ ದೊಡ್ಡರೋಗ ಬಂದು ಮಾಸಾಯಿಗಳ ದನ, ಕಾಡಿನ ವೈಲ್ಡ್‌ಬೀಸ್ಟ್ ಎರಡೂ ನೆಲಕಚ್ಚಿದವು. ದನಗಳಿಗೆ ಲಸಿಕೆ ಹಾಕಿ ರೋಗ ಅಡಗಿದ ಮೇಲೆ, 1960ರ ಆಸುಪಾಸಿನಲ್ಲಿ ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್ ಮುಂದಿನ ಎರಡು ದಶಕಗಳಲ್ಲಿ ಐದು ಪಟ್ಟಾದವು. ಅವು ಮೇದುದರಿಂದ ಒಣ ಹುಲ್ಲು ಕಡಿಮೆಯಾಯಿತು, ಕಾಳ್ಗಿಚ್ಚು ತಗ್ಗಿತು, ಉತ್ತರದಲ್ಲಿ ಮರಗಳು ಮತ್ತೆ ಎದ್ದವು. ಆಗ್ನೇಯದ ಸುಣ್ಣದ ಪದರದ ಮೇಲೆ ಮಾತ್ರ ಅಂದಿಗೂ ಇಂದಿಗೂ ಹುಲ್ಲೇ.

ಊರಿಗೆ ಬಂದ ಮೇಲೆ ಮಾವನ ಮನೆಗೆ ಹೋಗುವ ದಾರಿಯಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಬಳಿ ಇಳಿದೆ. ಹುಲ್ಲಿನ ಪ್ರಾಣಿಗೆಂದು ಮೀಸಲಿಟ್ಟ ನೆಲದ ಬಹುಭಾಗದಲ್ಲಿ ನೀಲಗಿರಿ ಮರಗಳ ಸಾಲು. ಎರಲಡ್ಡು, ಅಂದರೆ ದೊರೆವಾಯನ ಹಕ್ಕಿ, ಒಂದು ಕಾಲಕ್ಕೆ ಅಲ್ಲಿತ್ತು. ಮರವಿಲ್ಲದ ನೆಲ ಎಂದರೆ ಪಾಳು, ಬಂಜರು, ತುಂಬಿಸಬೇಕಾದ ಜಾಗ ಎಂದು ನಾವು ದಾಖಲೆಯಲ್ಲಿ ಬರೆದುಕೊಂಡಿದ್ದೇವೆ. ಸಹ್ಯಾದ್ರಿಯ ನೆತ್ತಿಯ ಹುಲ್ಲುಗಾವಲಿನಲ್ಲೂ, ಬಯಲುಸೀಮೆಯ ಕಾವಲುಗಳಲ್ಲೂ ಇದೇ ಬರಹ. ನನಗೆ ಇದನ್ನು ನೋಡಿ ಸಿಟ್ಟು ಬರುತ್ತದೆ, ದುಃಖವೂ ಆಗುತ್ತದೆ.

ನವಲಗುಂದದ ಹೊಲದಲ್ಲಿ ಕಾಕಾ ಕೃಷಿಹೊಂಡ ತೋಡಿಸುತ್ತಿದ್ದರು. ಜೆಸಿಬಿ ಕತ್ತರಿಸಿದ ಗೋಡೆಯಲ್ಲಿ ಆಳುದ್ದದ ಕರಿಮಣ್ಣು, ಅದರ ಕೆಳಗೆ ಸುಣ್ಣದ ಬಿಳಿ ಹರಳುಗಳು. ಸೆರೆಂಗೆಟಿಯ ಕಥೆಯೆಲ್ಲ ಹೇಳಿದೆ.

"ಅಲ್ಲೆ ಮಳಿ ಎಷ್ಟ ಆಗ್ತೈತಿ?"

"ಆ ಕಡೀಗೆ ಹೆಚ್ಚೂಕಡಿಮಿ ನಮ್ಮಷ್ಟ, ಕಾಕಾ."

"ಮತ್ತ ಜ್ವಾಳ ಯಾಕ ಬಿತ್ತಂಗಿಲ್ಲ?"

ಆ ಬೂದಿ ಮಣ್ಣು ನಮ್ಮ ಎರೆಯ ಹಾಗೆ ನೀರು ಹಿಡಿದಿಡುವುದಿಲ್ಲ, ಮೇಲಾಗಿ ಮೊಣಕಾಲಾಳಕ್ಕೇ ಗಾರೆ ಎಂದೆ. ಕಾಕಾ ಹಿಂಗಾರಿ ಜೋಳವನ್ನು ಮಳೆಯಿಲ್ಲದೆ, ಮಣ್ಣಿನೊಳಗಿನ ಹಸಿಯ ಮೇಲೆಯೇ ಬೆಳೆದವರು. ಸ್ವಲ್ಪ ಹೊತ್ತು ಹೊಂಡದ ಗೋಡೆ ನೋಡಿ, "ನಮ್ಮೂರ ಗಾಯರಾಣದಾಗೂ ಹಂಗ ಐತಿ, ತಮ್ಮಾ" ಎಂದರು. ಗಾಯರಾಣ ಎಂದರೆ ಊರ ಗೋಮಾಳ. ಅದರಲ್ಲಿ ಹಳ್ಳದ ದಂಡೆಯ ಮಣ್ಣು ಆಳ. ಅಲ್ಲಿ ನೆಟ್ಟ ಬೇವು ಎದ್ದು ನಿಂತಿದೆ. ಮೇಲಿನ ದಿನ್ನೆಯಲ್ಲಿ ಎರಡು ಗೇಣಿಗೇ ಗರಸು. ಅಲ್ಲಿ ಪ್ರತಿ ಮಳೆಗಾಲ ಗುಂಡಿ ತೋಡಿ ಸಸಿ ನೆಡುತ್ತಾರೆ, ಪ್ರತಿ ಬೇಸಗೆಯಲ್ಲಿ ಒಣಗುತ್ತವೆ, ಗುಂಡಿ ತೋಡಿದ ಜಾಗದಲ್ಲಿ ಮೊದಲಿದ್ದ ಹುಲ್ಲೂ ಬರುವುದಿಲ್ಲ. ಹಿಂದೆ ಆ ದಿನ್ನೆಯಲ್ಲಿ ಚಿಗರಿಯ, ಅಂದರೆ ಕೃಷ್ಣಮೃಗದ, ಹಿಂಡುಗಳು ಮೇಯುತ್ತಿದ್ದವು ಎಂದು ಹೇಳಿ, ಬರುವ ಗ್ರಾಮಸಭೆಗೆ ಒಂದು ಅರ್ಜಿ ಬರೆದುಕೊಡು ಎಂದರು: ಸಸಿಗಳೆಲ್ಲ ಹಳ್ಳದ ದಂಡೆಗೆ ಹೋಗಲಿ, ದಿನ್ನೆಯನ್ನು ಹುಲ್ಲಿಗೇ ಬಿಡಲಿ. ಅವರು ಹೇಳುತ್ತ ಹೋದರು, ನಾನು ಬರೆದೆ. ಕೆಳಗೆ ಸಹಿ ಹಾಕಲು ಕುರಿ ಸಾಕುವ ಮನೆಗಳವರನ್ನು ಕರೆತರಲು ಅವರೇ ಹೊರಟರು.